ಫೇರ್ ಅಂದರೆ ಯಾರ ನ್ಯಾಯ?

ನಮ್ಮೂರು ಹೊಳಲು. ಹಳಗನ್ನಡದಲ್ಲಿ ಪೊಳಲು ಅಂದರೆ ಪಟ್ಟಣ. ಈಗ ಇದು ಮಂಡ್ಯ ಸೀಮೆಯ ಒಂದು ಹಳ್ಳಿ. ಮಾತಿನ ಅರ್ಥ ಹೀಗೆ ಜಾರುತ್ತದೆ, ಅದಕ್ಕೆ ನಮ್ಮ ತಕರಾರಿಲ್ಲ. ಆದರೆ ಕೆಲವು ಮಾತುಗಳನ್ನು ಉಳ್ಳವರು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಅಂಥ ಒಂದು ಇಂಗ್ಲಿಷ್ ಮಾತು ನಮ್ಮ ಕೇರಿಯೊಳಕ್ಕೂ ಬಂದು ಕೂತಿದೆ: ಫೇರ್.

ಹೆಣ್ಣು ನೋಡಲು ಬಂದವರು ಹಿಂದೆ "ಕೆಂಪಗವ್ಳಾ?" ಅನ್ನುತ್ತಿದ್ದರು. ಈಗ "ಹುಡ್ಗಿ ಫೇರಾ?" ಅನ್ನುತ್ತಾರೆ. ಪಕ್ಕದವರು ಸಮಾಧಾನ ಹೇಳುತ್ತಾರೆ: "ಕಪ್ಪಗಿದ್ರೂ ಲಕ್ಷಣವಾಗವ್ಳೆ." ಆ 'ರೂ' ಇದೆಯಲ್ಲ, ವಿಷ ಇರುವುದು ಅಲ್ಲೇ. ಕಪ್ಪು ಹುಟ್ಟಿದ್ದೇ ತಪ್ಪು, ಲಕ್ಷಣ ಅದಕ್ಕೆ ಕಟ್ಟುವ ದಂಡ!

ಹಳೆಯ ಇಂಗ್ಲಿಷಿನಲ್ಲಿ ಈ ಮಾತಿಗೆ ಚೆಲುವು, ಹಿತ ಎಂಬ ಅರ್ಥ ಇತ್ತು. ಶತಮಾನಗಳು ಕಳೆದಂತೆ ಬಿಳಿ ಮೈ, ತಿಳಿಬಣ್ಣದ ಕೂದಲು ಎಂಬ ಅರ್ಥ ಅಂಟಿಕೊಂಡಿತು. ನ್ಯಾಯ ಎಂಬ ಅರ್ಥವೂ ಸೇರಿತು. ಚೆಲುವು, ಬಿಳುಪು, ನ್ಯಾಯ ಮೂರೂ ಒಂದೇ ಮಾತಿನಲ್ಲಿ ಕೂತವು. ಬಿಳಿಯರೊಂದಿಗೆ ಅದು ಇಲ್ಲಿಗೆ ಬಂದಾಗ ನೆಂಟ ಆಗಲೇ ಕಾದಿದ್ದ. ವರ್ಣ ಅಂದರೆ ಬಣ್ಣ. ವರ್ಣ ಅಂದರೆ ಮೇಲುಕೀಳಿನ ಏಣಿ. ಬಣ್ಣ ನೋಡಿ ಜಾತಿ ಹೇಳಲಾಗದು. ಪಂಜಾಬಿನ ಬ್ರಾಹ್ಮಣನೂ ಅಲ್ಲಿಯ ಚಮ್ಮಾರನೂ ಒಂದೇ ಮೂಲದವರೆಂದು ಬಾಬಾಸಾಹೇಬರು 1936ರ 'ಜಾತಿ ವಿನಾಶ'ದಲ್ಲೇ ಬರೆದರು. ಆದರೂ ಬಿಳುಪು ಮೇಲು, ಕಪ್ಪು ಕೀಳು ಎಂಬ ಸುಳ್ಳು ಸಾಯಲಿಲ್ಲ.

ಸಾಯದ ಸುಳ್ಳಿಗೆ ಬಂಡವಾಳಶಾಹಿ ಬೆಲೆ ಕಟ್ಟಿತು. 1975ರಲ್ಲಿ ಹಿಂದೂಸ್ತಾನ್ ಲೀವರ್ ಕಂಪನಿ 'ಫೇರ್ ಅಂಡ್ ಲವ್ಲಿ' ತಂದಿತು. 2020ರಲ್ಲಿ, ಅಮೆರಿಕದ ಕರಿಯರು ಜಾರ್ಜ್ ಫ್ಲಾಯ್ಡ್ ಕೊಲೆಗೆ ನ್ಯಾಯ ಕೇಳಿ ಬೀದಿಗಿಳಿದ ವರ್ಷ, 'ಫೇರ್' ಅಳಿಸಿ 'ಗ್ಲೋ' ಎಂದು ಬರೆದರು. ಡಬ್ಬಿ ಮೇಲಿನ ಮಾತು ಹೋಯಿತು. ಜಗಲಿ ಮೇಲಿನ ಪ್ರಶ್ನೆ ಹೋಯಿತೇ?

ಸರ್ಕಾರದ 'ಫೇರ್ ಪ್ರೈಸ್ ಶಾಪ್' ಕನ್ನಡಕ್ಕೆ ನ್ಯಾಯಬೆಲೆ ಅಂಗಡಿಯಾಗಿ ಬಂತು. ಬಿಳಿಬೆಲೆ ಅಂಗಡಿ ಅಂತ ಯಾರೂ ಅನ್ನಲಿಲ್ಲ. ಸೊಸೈಟಿ ಮುಂದೆ ಚೀಲ ಹಿಡಿದು ನಿಂತಾಗ ಫೇರ್ ಅಂದರೆ ನ್ಯಾಯ. ಮನೆ ಮಗಳ ವಿಷಯಕ್ಕೆ ಬಂದರೆ ಮಾತ್ರ ಚರ್ಮವೇ? ಕನಕದಾಸರು ರಾಮಧಾನ್ಯಚರಿತೆಯಲ್ಲಿ ಉಳ್ಳವರ ಭತ್ತವನ್ನೂ ಬಡವರ ರಾಗಿಯನ್ನೂ ಜಗಳಕ್ಕೆ ನಿಲ್ಲಿಸಿದರು. ಸೆರೆಯಲ್ಲಿಟ್ಟು ನೋಡಿದಾಗ ಭತ್ತ ಕೆಟ್ಟಿತು, ರಾಗಿ ಉಳಿಯಿತು. ಗೆದ್ದದ್ದು ಕಪ್ಪು ಮುದ್ದೆಯ ಕಾಳು. ಅದನ್ನೇ ಉಂಡು ಬೆಳೆದ ನಾವು ಕಪ್ಪಿಗೆ ನಾಚುವುದೇ?

ಬರೀ ಕಂಪನಿಯನ್ನು ಬೈದು ಕೈ ತೊಳೆದುಕೊಳ್ಳಲು ನಾವು ಒಪ್ಪುವುದಿಲ್ಲ. ನಮ್ಮ ಕೇರಿಯ ಹುಡುಗರೇ, ನೀಲಿ ಬಾವುಟ ಹಿಡಿದು ನ್ಯಾಯ ಕೇಳುವ ನೀವೇ ನೌಕರಿ ಸಿಕ್ಕ ಮಾರನೆ ದಿನ ಬಿಳಿ ಹುಡುಗಿ ಹುಡುಕುತ್ತೀರಿ. ನಿಮ್ಮನ್ನು ಓದಿಸಿದ ಅವ್ವ ಯಾವ ಬಣ್ಣ? ನಾಟಿ ಹಾಕಿ, ಕಬ್ಬು ಕಡಿದು, ಬಿಸಿಲಲ್ಲಿ ಬೆಂದ ಆ ಮೈಯನ್ನು ನೀವು ಕುರೂಪ ಅನ್ನುತ್ತೀರಾ?

ಅಕ್ಕತಂಗಿಯರೇ, ಮುಂದಿನ ಸಲ ಯಾರಾದರೂ ಬಂದು "ಫೇರಾ?" ಅಂದರೆ ತಲೆ ತಗ್ಗಿಸಬೇಡಿ. ತಿರುಗಿ ಕೇಳಿ: "ನಾನು ದುಡಿದು ಉಣ್ಣೋಳು, ನ್ಯಾಯವಾಗಿ ಮಾತಾಡೋಳು. ಬಣ್ಣ ನೋಡಿ ವರದಕ್ಷಿಣೆ ಏರಿಸೋ ನೀವು ಫೇರಾ?"