ವರ ಬೇಡುವುದಾದರೆ ಯಾವುದನ್ನು ಬೇಡೋಣ?

ದೇವರು ಪ್ರತ್ಯಕ್ಷನಾಗಿ ಒಂದೇ ಒಂದು ವರ ಕೊಡುತ್ತೇನೆಂದರೆ ಏನು ಕೇಳುತ್ತೀರಿ ಎಂದು ಶಾಲೆಯ ಮಕ್ಕಳನ್ನು ಕೇಳಿ ನೋಡಿ. ನಾನು ಉಪಾಧ್ಯಾಯನಾಗಿದ್ದಾಗ ಕೇಳಿದ್ದುಂಟು. ಅರ್ಧದಷ್ಟು ಮಕ್ಕಳು ಹಕ್ಕಿಯಂತೆ ಹಾರಬೇಕೆಂದರು. ಮಿಕ್ಕವರಲ್ಲಿ ಹೆಚ್ಚಿನವರು ಯಾರ ಕಣ್ಣಿಗೂ ಬೀಳದಂತೆ ಮಾಯವಾಗಬೇಕೆಂದರು. ಒಂದಿಬ್ಬರು ಭೀಮನ ಬಲ ಕೇಳಿದರು. ಇದು ಹುಡುಗಾಟದ ಮಾತೆಂದು ದೊಡ್ಡವರು ನಗಬೇಕಾಗಿಲ್ಲ. ಯಾರೋ ಒಬ್ಬ ಮಹಾಶೂರ ಬಂದು ನಮ್ಮ ಕಷ್ಟವನ್ನೆಲ್ಲ ಒಂದೇ ಏಟಿಗೆ ಕಳೆಯಲಿ ಎಂದು ಕಾದು ಕೂತಿರುವ ದೊಡ್ಡವರು ನಮ್ಮ ಊರುಗಳಲ್ಲಿ ಕಡಮೆಯೇನಿಲ್ಲ. ಚುನಾವಣೆ ಬಂದಾಗ ಆ ಆಸೆಗೆ ಒಳ್ಳೆಯ ಬೆಲೆಯೂ ಬರುತ್ತದೆ. ಮನುಷ್ಯ ಎಂಥ ಶಕ್ತಿಯನ್ನು ಬಯಸುತ್ತಾನೆಂಬುದರಿಂದ ಅವನು ಎಂಥ ಲೋಕವನ್ನು ಬಯಸುತ್ತಾನೆಂಬುದೂ ತಿಳಿಯುತ್ತದೆ. ಆದುದರಿಂದ ಕಥೆಗಳಲ್ಲಿ ಬರುವ ಈ ಶಕ್ತಿಗಳನ್ನು ಒಂದೊಂದಾಗಿ ತಕ್ಕಡಿಗೆ ಹಾಕಿ ನೋಡೋಣ.

ತೂಗುವುದಕ್ಕೆ ಕಲ್ಲು ಬೇಕಷ್ಟೆ. ನಾನು ಮೂರು ಪ್ರಶ್ನೆಗಳನ್ನು ಇಟ್ಟುಕೊಂಡಿದ್ದೇನೆ. ಒಂದು, ಈ ಶಕ್ತಿಯಿಂದ ಅದನ್ನು ಪಡೆದವನ ಹೊರತು ಇನ್ನಾರಿಗೆ ಲಾಭ? ಎರಡು, ಅದನ್ನು ಪಡೆದವನು ತಪ್ಪಿ ನಡೆದರೆ ಕೇಳುವವರು ಯಾರು? ಮೂರು, ಅವನಿಲ್ಲದ ದಿನ ಉಳಿಯುವುದೇನು?

ಮೊದಲು ಅದೃಶ್ಯನಾಗುವ ಶಕ್ತಿ. ಇದರ ಕಥೆ ಬಹಳ ಹಳೆಯದು. ಗ್ರೀಸಿನ ಪ್ಲೇಟೋ ತನ್ನ 'ರಿಪಬ್ಲಿಕ್' ಗ್ರಂಥದಲ್ಲಿ ಒಬ್ಬ ಕುರುಬನ ಮಾತು ಹೇಳುತ್ತಾನೆ. ಲಿಡಿಯಾ ದೇಶದ ಆ ಕುರುಬನಿಗೆ ಭೂಕಂಪದಲ್ಲಿ ಬಿರಿದ ನೆಲದೊಳಗೆ ಒಂದು ಚಿನ್ನದ ಉಂಗುರ ಸಿಕ್ಕಿತು. ಅದರ ಹರಳನ್ನು ಅಂಗೈಯ ಕಡೆಗೆ ತಿರುಗಿಸಿದರೆ ಅವನು ಯಾರಿಗೂ ಕಾಣನು. ಅವನು ಮಾಡಿದ್ದೇನು? ಅರಮನೆ ಸೇರಿದ, ರಾಣಿಯನ್ನು ವಶಮಾಡಿಕೊಂಡ, ರಾಜನನ್ನು ಕೊಂದ, ಸಿಂಹಾಸನವೇರಿದ. ಇಂಥ ಉಂಗುರ ಸಿಕ್ಕರೆ ನ್ಯಾಯವಂತನೂ ಅನ್ಯಾಯಗಾರನೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲವೇ ಎಂಬುದು ಅಲ್ಲಿ ಎತ್ತಿರುವ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ನಾವು ಗ್ರೀಸಿಗೆ ಹೋಗಬೇಕಾಗಿಲ್ಲ. ಮೇಜಿನ ಅಡಿಯಿಂದ ಕೈ ಚಾಚುವವನು, ಬೇನಾಮಿ ಹೆಸರಿನಲ್ಲಿ ಜಮೀನು ಮಾಡುವವನು, ಇವರೆಲ್ಲ ಆ ಉಂಗುರವನ್ನು ತೊಟ್ಟವರೇ.

ಇಂಗ್ಲೆಂಡಿನ ಎಚ್. ಜಿ. ವೆಲ್ಸ್ 1897ರಲ್ಲಿ ಬರೆದ 'ಅದೃಶ್ಯ ಮನುಷ್ಯ'ದಲ್ಲಿ ಇದರ ಇನ್ನೊಂದು ಮುಖವಿದೆ. ಗ್ರಿಫಿನ್ ಎಂಬ ವಿಜ್ಞಾನಿ ತನ್ನ ಮೈಯನ್ನು ಅದೃಶ್ಯ ಮಾಡಿಕೊಂಡ. ಆದರೆ ತೊಟ್ಟ ಬಟ್ಟೆ ಅದೃಶ್ಯವಾಗಲಿಲ್ಲ. ಲಂಡನ್ನಿನ ಚಳಿಗಾಲದಲ್ಲಿ ಬೆತ್ತಲೆ ತಿರುಗಬೇಕಾಯಿತು. ಉಂಡ ಅನ್ನ ಅರಗುವವರೆಗೆ ಹೊಟ್ಟೆಯಲ್ಲಿ ಕಾಣುತ್ತಿತ್ತು. ಕೆಸರು ಮೆತ್ತಿದರೆ ಹೆಜ್ಜೆ ಮೂಡಿತು. ಕಳ್ಳತನಕ್ಕೆ ಇಳಿದ, ಕೊಲೆಗೆ ಇಳಿದ, ಕೊನೆಗೆ ಜನರ ಗುಂಪಿನ ಕೈಗೆ ಸಿಕ್ಕಿ ಸತ್ತ. ಅವನನ್ನು ಮೊದಲು ಕೆಡವಿದ್ದು ಮಣ್ಣು ಕೆಲಸದ ಒಬ್ಬ ಕೂಲಿಯ ಸಲಿಕೆ. ಈ ಶಕ್ತಿ ನನ್ನ ಮೂರು ಪ್ರಶ್ನೆಗಳಲ್ಲಿ ಒಂದರಲ್ಲಿಯೂ ತೇರ್ಗಡೆಯಾಗದು.

ಹಾರುವ ಶಕ್ತಿಯ ಮೇಲೆ ನನಗೆ ದ್ವೇಷವಿಲ್ಲ. ಹನುಮಂತನು ಸಮುದ್ರ ಹಾರಿದ ಕಥೆಯನ್ನು ಇಷ್ಟಪಡದವರುಂಟೆ? ಆದರೆ ಹನುಮಂತ ಹಾರಿದ್ದು ಇನ್ನೊಬ್ಬರ ಕೆಲಸಕ್ಕಾಗಿ. ನಮ್ಮ ಹುಡುಗರು ಬೇಡುವುದು ತಮ್ಮೊಬ್ಬರ ಸಂತೋಷಕ್ಕಾಗಿ. ಮೇಲಾಗಿ ಈ ವರವನ್ನು ದೇವರು ಕೊಡುವ ಮೊದಲೇ ಮನುಷ್ಯ ದುಡಿದು ಪಡೆದುಕೊಂಡಿದ್ದಾನೆ. 1903ರಲ್ಲಿ ಅಮೆರಿಕದ ರೈಟ್ ಸಹೋದರರು ವಿಮಾನ ಹಾರಿಸಿದರು. ಅವರು ಸೈಕಲ್ ಅಂಗಡಿ ಇಟ್ಟುಕೊಂಡಿದ್ದವರು. ಹಾರುವುದು ಇಂದು ಪವಾಡವಲ್ಲ, ಟಿಕೆಟ್ಟಿನ ಮಾತು. ಟಿಕೆಟ್ಟಿಗೆ ದುಡ್ಡಿಲ್ಲದವನು ನೆಲದಿಂದ ತಲೆಯೆತ್ತಿ ನೋಡುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಬೇಡುವ ಈ ವರವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ.

ಅಂದುಕೊಂಡದ್ದೆಲ್ಲ ಆಗುವ ಶಕ್ತಿಯೇ ಸಿಕ್ಕರೆ? ವೆಲ್ಸನು ಅದನ್ನೂ ಬಿಟ್ಟಿಲ್ಲ. ಅವನ 1898ರ ಒಂದು ಕಥೆಯಲ್ಲಿ ಫಾದರಿಂಗೇ ಎಂಬ ಸಾಮಾನ್ಯ ಗುಮಾಸ್ತನಿಗೆ ಈ ಶಕ್ತಿ ಒಲಿಯುತ್ತದೆ. ಅವನು ದುಷ್ಟನಲ್ಲ. ಒಬ್ಬ ಪಾದ್ರಿಯ ಸಲಹೆಯಂತೆ ರಾತ್ರೋರಾತ್ರಿ ಲೋಕೋದ್ಧಾರಕ್ಕೆ ಹೊರಡುತ್ತಾನೆ. ಕುಡುಕರನ್ನು ತಿದ್ದುತ್ತಾನೆ, ಮದ್ಯವನ್ನೆಲ್ಲ ನೀರು ಮಾಡುತ್ತಾನೆ, ಜೌಗು ನೆಲವನ್ನು ಒಣಗಿಸುತ್ತಾನೆ, ರೈಲಿನ ಅನುಕೂಲ ಹೆಚ್ಚಿಸುತ್ತಾನೆ. ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಬೆಳಗಾಗುವುದರೊಳಗೆ ಮುಗಿಯುವಂತಿಲ್ಲ. ಆಗ ಪಾದ್ರಿಯ ಮಾತು ಕೇಳಿ, ಭೂಮಿಯು ತಿರುಗುವುದು ನಿಲ್ಲಲಿ ಎಂದು ಅಪ್ಪಣೆ ಕೊಡುತ್ತಾನೆ. ಭೂಮಿ ಗಕ್ಕನೆ ನಿಲ್ಲುತ್ತದೆ. ಅದರ ಮೇಲಿದ್ದ ಮನೆ, ಮರ, ಜನ, ಜಾನುವಾರು ಎಲ್ಲ ಕಿತ್ತೆದ್ದು ಹಾರಿ ನುಚ್ಚುನೂರಾಗುತ್ತವೆ. ಕೊನೆಗೆ ಅವನು ಬೇಡಿಕೊಳ್ಳುವುದು ಎಲ್ಲವೂ ಮೊದಲಿನಂತಾಗಲಿ, ಈ ಶಕ್ತಿ ತನ್ನನ್ನು ಬಿಟ್ಟುಹೋಗಲಿ ಎಂದು. ಒಬ್ಬಿಬ್ಬರು ಕೂತು, ಯಾರನ್ನೂ ಕೇಳದೆ, ಒಂದೇ ರಾತ್ರಿಯಲ್ಲಿ ಜನರಿಗೆ ಒಳಿತು ಮಾಡಹೊರಟರೆ ಹೀಗಾಗುತ್ತದೆ. ಎರಡನೆಯ ಪ್ರಶ್ನೆಯಲ್ಲಿ ಈ ವರ ಸೋತಿತು.

ಇನ್ನು ಬಲ. ಇದರಲ್ಲಿ ಹೆಸರಾದವನು ಅಮೆರಿಕದ ಚಿತ್ರಕಥೆಯ ಸೂಪರ್‌ಮ್ಯಾನ್. 1938ರಲ್ಲಿ ಜೆರಿ ಸೀಗೆಲ್, ಜೋ ಷುಸ್ಟರ್ ಎಂಬ ಇಬ್ಬರು ಬಡ ಯುವಕರು ಅವನನ್ನು ಅಚ್ಚಿನಲ್ಲಿ ಹುಟ್ಟಿಸಿದರು. ಆಗ ಅವನಿಗೆ ಹಾರಲು ಬರುತ್ತಿರಲಿಲ್ಲ. ಒಂದು ಫರ್ಲಾಂಗು ದೂರ ನೆಗೆಯುತ್ತಿದ್ದನಷ್ಟೆ. ಆದರೆ ಆ ಮೊದಲ ದಿನಗಳ ಸೂಪರ್‌ಮ್ಯಾನ್ ಮಾಡಿದ ಕೆಲಸಗಳು ಕೇಳುವಂಥವು. ಹೆಂಡತಿಯನ್ನು ಹೊಡೆಯುವವನಿಗೆ ಬುದ್ಧಿ ಕಲಿಸಿದ. ಕೆಲಸಗಾರರ ಪ್ರಾಣಕ್ಕೆ ಬೆಲೆ ಕೊಡದ ಗಣಿ ಮಾಲೀಕನನ್ನು ಅವನ ಗಣಿಯೊಳಗೇ ಸಿಕ್ಕಿಸಿ, ಉಸಿರು ಕಟ್ಟುವುದೆಂದರೇನೆಂದು ತೋರಿಸಿದ. 1939ರ ಜನವರಿಯ ಸಂಚಿಕೆಯಲ್ಲಿ ಕೊಳೆಗೇರಿಯ ಮುರುಕು ಮನೆಗಳನ್ನು ಕೆಡವಿಹಾಕಿ, ಸರ್ಕಾರ ಬಡವರಿಗೆ ಹೊಸ ಮನೆ ಕಟ್ಟಲೇಬೇಕಾಗುವಂತೆ ಮಾಡಿದ. ಇಂಥ ಬಲವಾದರೆ ಬೇಡಬಹುದಲ್ಲವೇ ಎಂದು ವಾಚಕರು ಕೇಳಬಹುದು.

ನನಗೂ ಆಸೆಯಾದದ್ದುಂಟು. ಆದರೆ ಆ ಇಬ್ಬರು ಯುವಕರ ಪಾಡನ್ನು ಕೇಳಿ. ಲೋಕದಲ್ಲೇ ಬಲಶಾಲಿಯಾದ ಆ ವೀರನ ಸಕಲ ಹಕ್ಕನ್ನೂ ಅವರು ಪ್ರಕಾಶಕರಿಗೆ ಮಾರಿದ್ದು 130 ಡಾಲರಿಗೆ. ಕಂಪನಿ ಕೋಟಿಗಟ್ಟಲೆ ಗಳಿಸಿತು. ಇವರು ಕೋರ್ಟಿಗೆ ಹೋಗಿ ಸೋತರು, ಪುಸ್ತಕದ ಮೇಲಿನ ತಮ್ಮ ಹೆಸರನ್ನೂ ಕಳೆದುಕೊಂಡರು. ಷುಸ್ಟರನ ಕಣ್ಣು ಮಂಜಾಯಿತು. ಸೂಪರ್‌ಮ್ಯಾನ್ ಅವರ ನೆರವಿಗೆ ಬರಲಿಲ್ಲ. ಬಂದವರು ಸಹ ಚಿತ್ರಕಾರರು. ಅವರೆಲ್ಲ ಕೂಡಿ, ಪತ್ರಿಕೆಗಳಲ್ಲಿ ಗಲಾಟೆಯೆಬ್ಬಿಸಿ, ಕಂಪನಿಯನ್ನು ನಾಚಿಸಿದ ಮೇಲೆ 1975ರಲ್ಲಿ ಇಬ್ಬರಿಗೂ ವರ್ಷಕ್ಕೆ ತಲಾ 20,000 ಡಾಲರ್ ಮಾಸಾಶನ ಗೊತ್ತಾಯಿತು. ಅವರ ಹೆಸರೂ ಮತ್ತೆ ಅಚ್ಚಾಯಿತು. ಕಥೆಯಲ್ಲಿ ಒಬ್ಬನ ಬಲದಿಂದ ನಡೆದ ಕೆಲಸ ಬದುಕಿನಲ್ಲಿ ಹಲವರ ಬಲದಿಂದ ನಡೆಯಿತು. ಅಲ್ಲದೆ ಮಹಾಬಲನು ಗಣಿ ಮಾಲೀಕನಿಗೆ ಬುದ್ಧಿ ಕಲಿಸಿ ಹೊರಟುಹೋದ ಮೇಲೆ, ಮರುದಿನ ಗಣಿಗೆ ಇಳಿಯುವ ಕೆಲಸಗಾರನ ಕೈಯಲ್ಲಿ ಉಳಿಯುವುದೇನು? ಈ ವರ ಮೂರನೆಯ ಪ್ರಶ್ನೆಯಲ್ಲಿ ಎಡವಿತು.

ಉಳಿದದ್ದು ನಮ್ಮದೇ ಮಹಾಭಾರತದ ಅಕ್ಷಯಪಾತ್ರೆ. ಕಾಡಿಗೆ ಹೋದ ಧರ್ಮರಾಯನಿಗೆ ಸೂರ್ಯ ಕೊಟ್ಟದ್ದು. ಹುಡುಗರು ಯಾರೂ ಇದನ್ನು ಕೇಳಲಿಲ್ಲ, ಏಕೆಂದರೆ ಇದರಲ್ಲಿ ಹೊಡೆದಾಟವಿಲ್ಲ. ಆದರೆ ತಕ್ಕಡಿಯಲ್ಲಿಟ್ಟು ನೋಡಿ. ಪರರಿಗೆ ಬಡಿಸುವುದೇ ಇದರ ಕೆಲಸ. ಅದನ್ನು ಹಿಡಿದವರು ಅಡಗಿಕೊಳ್ಳುವಂತಿಲ್ಲ. ಪಂಕ್ತಿಯ ಎದುರಿಗೆ ನಿಂತಿರಬೇಕು, ಊಟ ಸಾಲದೆ ಹೋದರೆ ಕೂತವರೆಲ್ಲರಿಗೂ ಗೊತ್ತಾಗುತ್ತದೆ. ದೂರ್ವಾಸರು ಹೊತ್ತಲ್ಲದ ಹೊತ್ತಿನಲ್ಲಿ ಬಂದು ಅನ್ನ ಕೇಳಿದಾಗ ಪಾಂಡವರು ನಡುಗಿದ್ದು ಈ ಕಾರಣದಿಂದಲೇ. ಎರಡು ಪ್ರಶ್ನೆಗಳಿಗೆ ಇದು ಸರಿಯಾದ ಉತ್ತರ ಕೊಟ್ಟಿತು.

ಮೂರನೆಯದಕ್ಕೆ? ವನವಾಸ ಮುಗಿದ ಮೇಲೆ ಆ ಪಾತ್ರೆ ಯಾರ ಹೊಟ್ಟೆಯನ್ನೂ ತುಂಬಿಸಲಿಲ್ಲ. ಆದರೆ ಈ ಕೊರತೆಯನ್ನು ಮನುಷ್ಯರು ತುಂಬಿದ್ದಾರೆ. ಮದರಾಸಿನಲ್ಲಿ ಕಾಮರಾಜರು 1956ರಲ್ಲಿ ಶಾಲಾಮಕ್ಕಳ ಮಧ್ಯಾಹ್ನದ ಊಟವನ್ನು ಆರಂಭಿಸಿದರು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು, ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಆಜ್ಞೆ ಮಾಡಿತು. 2002ರ ಜೂನ್‌ನಲ್ಲಿ ಕರ್ನಾಟಕದ ಉತ್ತರ ಭಾಗದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಆಮೇಲೆ ನಾಡಿಗೆಲ್ಲ ಹಬ್ಬಿತು. ಈ ಪಾತ್ರೆಯನ್ನು ಸೂರ್ಯ ಕೊಟ್ಟದ್ದಲ್ಲ. ಮುಖ್ಯಮಂತ್ರಿ ಬದಲಾದರೂ ಗಂಟೆ ಬಾರಿಸಿದಾಗ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂರುತ್ತಾರೆ.

ಆದರೂ ಆ ಹಳೆಯ ಕಥೆಯ ಒಂದು ಷರತ್ತನ್ನು ಮರೆಯಬಾರದು. ಅತಿಥಿಗಳು ಉಂಡು, ತಮ್ಮಂದಿರು ಉಂಡು, ಧರ್ಮರಾಯ ಉಂಡ ಮೇಲೆ ದ್ರೌಪದಿ ಉಣ್ಣಬೇಕು. ಅವಳು ಉಂಡರೆ ಆ ದಿನಕ್ಕೆ ಪಾತ್ರೆ ಬರಿದು. ಅಂದರೆ ಎಲ್ಲರ ಅನ್ನವೂ ನಿಂತಿದ್ದದ್ದು ಒಬ್ಬ ಹೆಂಗಸಿನ ಹಸಿವಿನ ಮೇಲೆ. ಪುರಾಣ ಹೇಳುವವರು ಸೂರ್ಯನನ್ನು ಹೊಗಳುತ್ತಾರೆ, ದ್ರೌಪದಿಗೆ ಎಷ್ಟು ಹೊತ್ತಾಗಿತ್ತೆಂದು ಕೇಳುವುದಿಲ್ಲ. ನಮ್ಮ ಮನೆಗಳಲ್ಲಿಯೂ ಕೇಳುವುದಿಲ್ಲ. ಬಿಸಿಯೂಟದ ಒಲೆಯ ಮುಂದೆ ನಿಂತವರು ಬಹುತೇಕ ಬಡ ಹೆಂಗಸರು. ಅವರಿಗೆ ಸಿಗುವುದು ಸಂಬಳವಲ್ಲ, 'ಗೌರವಧನ'. ಹೆಸರಿನಲ್ಲಿ ಗೌರವವಿದೆ, ಧನ ಮಾತ್ರ ಸಾಲದು. ಅದನ್ನು ಹೆಚ್ಚಿಸಿರೆಂದು ಅವರು ಬೆಂಗಳೂರಿಗೆ ಹೋಗಿ ಧರಣಿ ಕೂರಬೇಕಾಗಿ ಬಂದದ್ದುಂಟು.

ಆದುದರಿಂದ ನನ್ನ ತೀರ್ಮಾನ ಇದು. ಮಾಯವಾಗುವ ಉಂಗುರ ಬೇಡ, ರೆಕ್ಕೆ ಬೇಡ, ಭೂಮಿಯನ್ನು ನಿಲ್ಲಿಸುವ ಮಾತು ಬೇಡ, ಮಹಾಬಲನ ತೋಳೂ ಬೇಡ. ಕೊಡುವುದಿದ್ದರೆ ಅಕ್ಷಯಪಾತ್ರೆಯನ್ನು ಕೊಡಲಿ. ಆದರೆ ಷರತ್ತನ್ನು ತಿದ್ದಿ ಕೊಡಲಿ: ಅಡಿಗೆ ಮಾಡಿದವಳು ಎಲ್ಲರ ಜೊತೆಗೆ ಪಂಕ್ತಿಯಲ್ಲಿ ಕೂತು ಉಂಡರೂ ಪಾತ್ರೆ ಬರಿದಾಗಬಾರದು. ದೇವರಿಂದ ಇಷ್ಟು ಆಗುವುದಿಲ್ಲವಾದರೆ, ಮುಂದಿನ ಬಜೆಟ್ಟಿನಲ್ಲಿ ಸರ್ಕಾರದಿಂದ ಆಗುತ್ತದೆ. ಕೇಳುವವರು ನಾವಾಗಬೇಕು.