‘ಸಹ’ ಎಂಬ ಎರಡಕ್ಷರ

ನಮ್ಮ ಸಂಘ-ಸಂಸ್ಥೆಗಳ ಕಾರ್ಯಕ್ರಮದ ವರದಿಗಳಲ್ಲಿ ಒಂದು ಬಗೆಯ ವಾಕ್ಯ ಆಗಾಗ ಕಣ್ಣಿಗೆ ಬೀಳುತ್ತದೆ: “ಸಮಾರಂಭದಲ್ಲಿ ಉತ್ತರ ಕರ್ನಾಟಕದ ಕೂಲಿಕಾರರು ಸಹ ಭಾಗವಹಿಸಿದ್ದರು.” ಬರೆದವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ, ಸಂತೋಷಪಟ್ಟೇ ಬರೆದಿದ್ದಾರೆ. ಆದರೆ ಆ ‘ಸಹ’ ಮಾಡುವ ಕೆಲಸವನ್ನು ಸ್ವಲ್ಪ ಗಮನಿಸೋಣ. ಡೊಂಬಿವಲಿಯ ಬ್ಯಾಂಕ್ ನೌಕರರು ಬಂದರೆ ‘ಸಹ’ ಇಲ್ಲ. ಥಾಣೆಯ ಹೋಟೆಲ್ ಮಾಲಿಕರು ಬಂದರೂ ಇಲ್ಲ. ಅವರೆಲ್ಲ ಬರಿಯ ‘ಕನ್ನಡಿಗರು’. ಕಲಬುರಗಿ, ಯಾದಗಿರಿ, ವಿಜಯಪುರದಿಂದ ಬಂದು ಇಟ್ಟಿಗೆ ಹೊರುವವರು, ಹುಟ್ಟಿದಾರಭ್ಯ ಕನ್ನಡವನ್ನೇ ಆಡಿದವರು, ಬಂದರೆ ಮಾತ್ರ ‘ಸಹ’ ಬೇಕಾಗುತ್ತದೆ. ಅಂದರೆ ಕನ್ನಡಿಗರು ಎಂಬ ಪಟ್ಟಿ ಮೊದಲೇ ಭರ್ತಿಯಾಗಿತ್ತು, ಇವರನ್ನು ಅಂಚಿನಲ್ಲಿ ಸೇರಿಸಲಾಯಿತು ಎಂದೇ ಅರ್ಥ. ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತ ತಿರುವಿದ ನಮ್ಮಂಥವರಿಗೆ ಇದು ಬೇಗ ತಿಳಿಯುತ್ತದೆ. ಪಟ್ಟಿಯಲ್ಲಿ ಹೆಸರಿದ್ದವನದು ಹಕ್ಕು. ‘ಇವರನ್ನೂ ಪರಿಗಣಿಸಬಹುದು’ ಎಂದು ಕೆಳಗೆ ಬರೆಸಿಕೊಂಡವನದು ಮೇಲಿನವರ ದಯೆ.

1970ರಲ್ಲಿ ಸಿಡ್ಕೊ ಸ್ಥಾಪನೆಯಾದ ಮೇಲೆ ಕೊಲ್ಲಿಯ ಆಚೆಗೆ ಒಂದು ಊರೇ ಎದ್ದು ನಿಂತಿತು. ಘಣಸೋಲಿ, ಖಾರ್ಘರ್, ಉಲ್ವೆಗಳ ಗೋಡೆ ಎಬ್ಬಿಸಿದವರಲ್ಲಿ ಈ ಜನರೂ ಇದ್ದಾರೆ. ಆ ಗೋಡೆಗಳ ಒಳಗೆ ಕುಳಿತು ನಾವು ಕನ್ನಡ ಕುಟುಂಬಗಳ ಸಂಖ್ಯೆ ಎಣಿಸುವಾಗ ಗೋಡೆಯ ಹೊರಗೆ ತಗಡಿನ ಜೋಪಡಿಯಲ್ಲಿರುವ ಕುಟುಂಬ ಲೆಕ್ಕಕ್ಕೆ ಬರುವುದಿಲ್ಲ. ಅವರು ‘ಕಾರ್ಮಿಕರು’, ನಾವು ‘ಕುಟುಂಬಗಳು’. ಅವರಿಗೆ ಹೆಂಡಿರು ಮಕ್ಕಳಿಲ್ಲವೇ?

‘ಆದರೂ’ ಎಂಬುದು ‘ಸಹ’ದ ಅಣ್ಣ. “ಅವರು ತುಳುವರಾದರೂ ಕನ್ನಡಕ್ಕಾಗಿ ದುಡಿದರು” ಎಂದು ಸನ್ಮಾನದ ವೇದಿಕೆಯ ಮೇಲೆ ಹೊಗಳುವುದುಂಟು. ಶಾಲು ಹೊದಿಸಿದ ಕೈಯೇ ಕಪಾಳಕ್ಕೂ ಬಿಗಿದಂತಾಯಿತು. ತುಳುವರಾದವರು ಸಾಮಾನ್ಯವಾಗಿ ಕನ್ನಡಕ್ಕೆ ದುಡಿಯುವುದಿಲ್ಲ ಎಂದು ಹೇಳದೆ ಈ ವಾಕ್ಯವನ್ನು ಹೇಳಲಾಗದು. ಹಗಲೆಲ್ಲ ಲೋಟ ತೊಳೆದು, ರಾತ್ರಿ ಮುಂಬಯಿಯ ಕನ್ನಡ ರಾತ್ರಿಶಾಲೆಗಳಲ್ಲಿ ಬೆಂಚು ಸವೆಸಿದ ಹುಡುಗರಲ್ಲಿ ಮನೆಮಾತು ತುಳುವಾಗಿದ್ದವರು ಎಷ್ಟು ಮಂದಿ! 2011ರ ಜನಗಣತಿಯಲ್ಲಿ ತುಳುವನ್ನು ಮಾತೃಭಾಷೆ ಎಂದವರು 18 ಲಕ್ಷಕ್ಕೂ ಮಿಕ್ಕಿದ್ದರು. ಆ ಗಣತಿಯ ನಮೂನೆಯಲ್ಲಿ ಮಾತೃಭಾಷೆಯಲ್ಲದೆ ಬಲ್ಲ ಇನ್ನೆರಡು ಭಾಷೆಗಳಿಗೂ ಜಾಗವಿತ್ತು. ನಮ್ಮ ‘ಆದರೂ’ದಲ್ಲಿ ಅಷ್ಟು ಜಾಗವೂ ಇಲ್ಲ.

‘ಶುದ್ಧ ಕನ್ನಡ’ದ ಮಾತಂತೂ ಬೇಡ. ಅದನ್ನು ಕೇಳಿದಾಗಲೆಲ್ಲ ಮಿಕ್ಕವರು ಸ್ನಾನ ಮಾಡಿ ಬರಬೇಕೇನೋ ಅನ್ನಿಸುತ್ತದೆ.

ಮರಾಠಿ ಜನರನ್ನು ‘ಘಾಟಿ’ ಎನ್ನುವ ಚಾಳಿ ನಮ್ಮಲ್ಲಿ ಕೆಲವರಿಗಿದೆ. ಘಟ್ಟದ ಕಡೆಯಿಂದ ದುಡಿಮೆಗೆ ಇಳಿದು ಬಂದವರು ಎಂಬಷ್ಟೇ ಮೂಲಾರ್ಥದ ಆ ಪದ ಈ ಮಹಾನಗರದಲ್ಲಿ ಬೈಗುಳವಾಯಿತು. ದಕ್ಷಿಣ ಕನ್ನಡದ ‘ಘಟ್ಟದವರು’ ಎಂಬ ಮಾತನ್ನು ಬಲ್ಲವರಿಗೆ, ದಿಕ್ಕು ಕೂಡ ಹೇಗೆ ಅಂತಸ್ತು ಆಗಿಬಿಡುತ್ತದೆ ಎಂದು ವಿವರಿಸಬೇಕಾಗಿಲ್ಲ.

ಇಷ್ಟು ಸಣ್ಣ ಮಾತಿಗೆ ಇಷ್ಟು ರಗಳೆಯೇ ಎಂದು ಕೇಳುವವರಿದ್ದಾರೆ. ಅಂಥವರು 1960ರಲ್ಲಿ ಆರಂಭವಾದ ‘ಮಾರ್ಮಿಕ್’ ವಾರಪತ್ರಿಕೆಯನ್ನು ನೆನೆಯಲಿ. ಕಂಪೆನಿಗಳ ಅಧಿಕಾರಿಗಳ ಹೆಸರುಗಳನ್ನು ಅದು ಸಾಲಾಗಿ ಅಚ್ಚು ಹಾಕುತ್ತಿತ್ತು. ಬಹುಪಾಲು ದಕ್ಷಿಣದವರ ಹೆಸರುಗಳು. ತಲೆಬರಹ ‘ವಾಚಾ ಆಣಿ ಥಂಡ್ ಬಸಾ’, ಓದಿ, ತಣ್ಣಗೆ ಕುಳಿತಿರಿ ಎಂದು. ಬೈಗುಳ ಬೇಕಾಗಲೇ ಇಲ್ಲ, ಪಟ್ಟಿಯೇ ಸಾಕಾಯಿತು. ಪಾತ್ರೆ ತೊಳೆಯುವ ದಕ್ಷಿಣದ ಹುಡುಗರ ಪಟ್ಟಿಯನ್ನು ಅದರ ಪಕ್ಕದಲ್ಲೇ ಹಾಕಿದ್ದರೆ ಓದುಗನಿಗೆ ಬೇರೆಯೇ ಅರ್ಥವಾಗುತ್ತಿತ್ತು. 1966ರಲ್ಲಿ ಶಿವಸೇನೆ ಹುಟ್ಟಿತು. ಮುಂದೆ ಕಲ್ಲು ಬಿದ್ದದ್ದು ಪಟ್ಟಿಯಲ್ಲಿದ್ದ ಅಧಿಕಾರಿಗಳ ಮೇಲಲ್ಲ, ಉಡುಪಿ ಹೋಟೆಲುಗಳ ಮೇಲೆ. ಅಲ್ಲಿ ಉದ್ದೇಶವಿತ್ತು, ನಮ್ಮಲ್ಲಿಲ್ಲ ಎನ್ನಬಹುದು. ಒಪ್ಪಿದೆವು. ಆದರೆ ತಾಗಿಸಿಕೊಂಡವನಿಗೆ ನಮ್ಮ ಉದ್ದೇಶ ಎಲ್ಲಿ ಕಾಣಬೇಕು?

ಕಲ್ಯಾಣದ ಲೋಕಲ್‌ನಲ್ಲಿ ಮರಾಠಿ ಮಿತ್ರರು ಮೆಚ್ಚುಗೆಯಿಂದಲೇ ಹೇಳುತ್ತಾರೆ: “ತುಮ್ಹೀ ಕಾನಡೀ ಅಸೂನಹೀ ಚಾಂಗಲಂ ಮರಾಠೀ ಬೋಲತಾ.” ಕನ್ನಡದವರಾಗಿದ್ದರೂ ಒಳ್ಳೆಯ ಮರಾಠಿ ಆಡುತ್ತೀರಿ! ಮೂರು ತಲೆಮಾರು ಇಲ್ಲಿಯ ನೀರು ಕುಡಿದವರಿಗೆ ಆ ‘ಅಸೂನಹೀ’ ಎಲ್ಲಿ ಚುಚ್ಚುತ್ತದೆ ಎಂದು ಓದುಗರಿಗೆ ಹೇಳಿಕೊಡಬೇಕೇ? ಅದೇ ಮುಳ್ಳನ್ನು ಕನ್ನಡಕ್ಕೆ ಅನುವಾದಿಸಿ ನಮ್ಮವರಿಗೇ ಚುಚ್ಚುತ್ತಿದ್ದೇವೆ. ಒಂದು ಕಾಲದ ಹೋಟೆಲ್ ಹುಡುಗರ ಮಕ್ಕಳು ಇಂದು ಸಭಾಧ್ಯಕ್ಷರು. ಅವರು ಅಂದು ನಿಂತಿದ್ದ ಜಾಗದಲ್ಲಿ ಇಂದು ಯಾದಗಿರಿಯ ಹುಡುಗ ನಿಂತಿದ್ದಾನೆ.

ನವೆಂಬರಿನ ರಾಜ್ಯೋತ್ಸವದ ಕರೆಯೋಲೆ ಸಿದ್ಧವಾಗುವಾಗ ಕಾರ್ಯದರ್ಶಿಗಳು ಎರಡು ಕೆಲಸ ಮಾಡಬೇಕೆಂದು ಆಗ್ರಹಿಸುತ್ತೇವೆ. ‘ಸಮಸ್ತ ಕನ್ನಡಿಗರು’ ಎಂದು ಅಚ್ಚು ಹಾಕಿದ ಮೇಲೆ ಅದರ ನೂರು ಪ್ರತಿಗಳನ್ನು ಬೆಳಿಗ್ಗೆ ಕೂಲಿಗೆಂದು ಜನ ನಿಲ್ಲುವ ನಾಕಾಗಳಿಗೂ ತಲುಪಿಸಲಿ. ಕಾರ್ಯಕ್ರಮವನ್ನು 4 ಗಂಟೆಗೆ ಇಟ್ಟರೆ ಅವರು ಬರಲಾರರು, ಕೆಲಸ ಬಿಡುವುದೇ 6ಕ್ಕೆ. 7 ಗಂಟೆಗೆ ಇಡಲಿ.