ಉಳಿಯ ಪೆಟ್ಟು, ಕಿಸೆಯ ಹಾಡು

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಕಲ್ಲು ಕೆತ್ತುವವರ ಊರು. ಇಲ್ಲಿ ಕಣ್ಣು ತೆರೆದ ವಿಗ್ರಹಗಳು ನಾಡಿನ ಎಷ್ಟೋ ಗುಡಿಗಳಲ್ಲಿ ಪೂಜೆಗೊಳ್ಳುತ್ತಿವೆ. ಶಿಲ್ಪಶಾಸ್ತ್ರದ ಪ್ರಕಾರ ಕಲ್ಲನ್ನು ಕಿವಿಯಿಂದಲೂ ಆರಿಸಬೇಕು. ತಟ್ಟಿದರೆ ಗಂಟೆಯ ನಾದ ಕೊಡುವ ಕಲ್ಲು ಮೂರ್ತಿಗೆ ಒಗ್ಗುತ್ತದೆ. ದಿನವಿಡೀ ಉಳಿ, ಸುತ್ತಿಗೆ, ಕಟಿಂಗ್ ಮೆಷಿನ್‌ಗಳ ಸದ್ದಿನಲ್ಲೇ ಬದುಕುವ ಇಂಥ ಊರಿನವರಿಗೆ, ಹಾಡು ಕಿಸೆಗೆ ಇಳಿದದ್ದು ಹೇಗೆಂದು ತಿಳಿಸುವುದು ಸುಲಭ.

ಉಳಿಗೆ ಸುತ್ತಿಗೆಯ ಪೆಟ್ಟು ಬಿದ್ದ ಕ್ಷಣ ಪಕ್ಕದವರ ಪಿಸುಮಾತು ಕೇಳಿಸದು. ಮಾತು ಕಿವಿಗೆ ಬಿದ್ದಿರುತ್ತದೆ, ಆದರೆ ದೊಡ್ಡ ಸದ್ದು ಅದನ್ನು ಮುಚ್ಚಿಹಾಕಿರುತ್ತದೆ. ಜರ್ಮನಿಯ ಎರ್ಲಾಂಗೆನ್‌ನಲ್ಲಿ 1980ರ ದಶಕದಲ್ಲಿ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬರ್ಗ್ ಮತ್ತು ಜೊತೆಗಾರರು ದುಡಿಸಿಕೊಂಡದ್ದು ಕಿವಿಯ ಈ ಸ್ವಭಾವವನ್ನೇ. ಯಾರಿಗೂ ಕೇಳಿಸದ್ದನ್ನು ಕೂಡಿಡುವುದೇಕೆ? ಸಿಡಿಯಲ್ಲಿ ಸುಮಾರು 40 ಎಂಬಿ ಜಾಗ ಹಿಡಿಯುವ ನಾಲ್ಕು ನಿಮಿಷದ ಹಾಡು, ಕೇಳಿಸದ್ದನ್ನು ಬಿಟ್ಟು ಸದ್ದನ್ನು ಕುಗ್ಗಿಸುವ ಅವರ ಎಂಪಿ3 ವಿಧಾನದಲ್ಲಿ ಸುಮಾರು 4 ಎಂಬಿಗೆ ಇಳಿಯಿತು.

ಕಿಸೆಯ ಡಿಜಿಟಲ್ ಪ್ಲೇಯರಿನ ಕಲ್ಪನೆ ಬ್ರಿಟನ್ನಿನ ಕೇನ್ ಕ್ರೇಮರ್ ಅವರಿಗೆ 1979ರಲ್ಲೇ ಹೊಳೆದಿತ್ತು. ಆಗ ಅದರಲ್ಲಿ ಹಿಡಿಸುತ್ತಿದ್ದದ್ದು ಮೂರೂವರೆ ನಿಮಿಷದ ಸಂಗೀತ. 1998ರಲ್ಲಿ ದಕ್ಷಿಣ ಕೊರಿಯಾದ ಸೇಹಾನ್ ಕಂಪನಿಯ ಎಂಪಿಮ್ಯಾನ್ ಬಂತು. 32 ಎಂಬಿ, ಅಂದರೆ ಅರ್ಧ ಗಂಟೆಯ ಹಾಡು. ಅದೇ ವರ್ಷದ ರಿಯೋ ಪ್ಲೇಯರನ್ನು ತಡೆಯಲು ಅಮೆರಿಕದ ಧ್ವನಿಮುದ್ರಣ ಕಂಪನಿಗಳ ಸಂಘ ಕೋರ್ಟಿಗೆ ಹೋಗಿ 1999ರಲ್ಲಿ ಸೋತಿತು. ಸಾವಿರ ಹಾಡು ಹಿಡಿಸುವ ಐಪಾಡ್ 2001ರಲ್ಲಿ ಬಂತು.

ನಮ್ಮ ಹಳ್ಳಿಗಳಿಗೆ ಬಂದದ್ದು ಐಪಾಡ್ ಅಲ್ಲ, ಮೆಮೊರಿ ಕಾರ್ಡ್. ಮೊಬೈಲಿಗೆ ಕರೆನ್ಸಿ ಹಾಕುವ ಅಂಗಡಿಯವರೇ ಹಾಡೂ ತುಂಬಿಸಿಕೊಡುತ್ತಿದ್ದರು. ರಾಜ್‌ಕುಮಾರ್ ಹಾಡು, ದೇವರನಾಮ, ಕೋಲಾರದ ಸೀಮೆಯಾದ್ದರಿಂದ ತೆಲುಗಿನವೂ. ಹಾಡಿದವರಿಗೆ ಕಾಸು ಸೇರಲಿಲ್ಲ, ಅದು ಅನ್ಯಾಯವೇ. ಆದರೂ ಕೂಲಿ ಮಾಡುವವರಿಗೆ ತಮಗೆ ಬೇಕಾದ ಹಾಡನ್ನು ಬೇಕಾದಾಗ ಕೇಳುವ ಸ್ವಾತಂತ್ರ್ಯ ಸಿಕ್ಕಿತಲ್ಲ, ಅದು ಸಣ್ಣದಲ್ಲ.

ನನ್ನನ್ನು ಕಾಡುವುದು ಎಂಪಿ3 ಎಡವಿದ ಎರಡು ಜಾಗ. ಒಂದು, ವಾದ್ಯವಿಲ್ಲದ ಒಂಟಿ ಕೊರಳು. ಸುಝಾನ್ ವೇಗಾ ಬರಿಯ ದನಿಯಲ್ಲಿ ಹಾಡಿದ ‘ಟಾಮ್ಸ್ ಡೈನರ್’ ಮೊದಮೊದಲು ಕೇಳಲಾಗದಷ್ಟು ಕೆಟ್ಟುಬಂತು. ಬ್ರಾಂಡೆನ್‌ಬರ್ಗ್ ಅದನ್ನೇ ಮತ್ತೆ ಮತ್ತೆ ಕೇಳಿ ತಮ್ಮ ವಿಧಾನವನ್ನು ತಿದ್ದಿದರು. ಇನ್ನೊಂದು, ಥಟ್ಟನೆ ಬೀಳುವ ಪೆಟ್ಟು. ನಮ್ಮ ದಾಸರ ಚಿಟಿಕೆಯನ್ನು ಹೋಲುವ ಸ್ಪೇನಿನ ಕ್ಯಾಸ್ಟನೆಟ್ ವಾದ್ಯ ಬ್ರಾಂಡೆನ್‌ಬರ್ಗ್ ತಂಡವನ್ನು ಬಹಳ ಸತಾಯಿಸಿತು. ಎಂಪಿ3 ಸದ್ದನ್ನು ಸಣ್ಣ ಸಣ್ಣ ತುಂಡು ಮಾಡಿ ತೂಗುತ್ತದೆ. ತುಂಡಿನ ನಡುವೆ ಪೆಟ್ಟು ಬಿದ್ದರೆ, ಕಳೆದ ವಿವರದಿಂದಾದ ಗೊರಗೊರ ಇಡೀ ತುಂಡಿಗೆ ಹರಡಿ, ಪೆಟ್ಟಿಗಿಂತ ಮೊದಲೇ ಕೇಳಿಸುತ್ತದೆ. ಅದಕ್ಕಾಗಿ ಪೆಟ್ಟು ಬರುವ ಕಡೆ ತುಂಡನ್ನು ಮೂರನೇ ಒಂದಕ್ಕೆ ಇಳಿಸಿದರು. ತೊಂದರೆ ತಗ್ಗಿತು, ಪೂರ್ತಿ ಹೋಗಲಿಲ್ಲ.

ಒಂಟಿ ಕೊರಳು, ಥಟ್ಟನೆಯ ಪೆಟ್ಟು: ನಮ್ಮ ಸೀಮೆಯ ಜಾನಪದದ ಜೀವ ಇರುವುದು ಈ ಎರಡರಲ್ಲೇ. ನಾಟಿಯ ಪದ ಹೇಳುವ ಅಜ್ಜಿಗೆ ಹಿಮ್ಮೇಳವಿಲ್ಲ. ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ತಂದದ್ದು ತಮಟೆಯ ಪೆಟ್ಟು. ಇವನ್ನೆಲ್ಲ ಈಗ ಫೋನಿನಲ್ಲಿ ಹಿಡಿದು, ಕುಗ್ಗಿಸಿ, ಗುಂಪಿನಿಂದ ಗುಂಪಿಗೆ ಕಳಿಸುತ್ತಿದ್ದೇವೆ. ಎಂಪಿ3ಯನ್ನು ತಿದ್ದಿ ಮತ್ತೆ ಎಂಪಿ3 ಮಾಡಿದಾಗಲೆಲ್ಲ ಸದ್ದು ಇನ್ನಷ್ಟು ಸವೆಯುತ್ತದೆ. ಬಿಟ್ಟುಹೋದದ್ದನ್ನು ಮರಳಿ ತರುವ ದಾರಿಯಿಲ್ಲ.

ಆದ್ದರಿಂದ ಅಜ್ಜಿಯ ಪದವನ್ನೋ ತಮಟೆಯನ್ನೋ ಕಲ್ಲುಕುಟಿಕರ ಉಳಿಯ ಸದ್ದನ್ನೋ ದಾಖಲಿಸುವವರಲ್ಲಿ ನನ್ನ ಬಿನ್ನಹ ಇಷ್ಟೇ: ಧ್ವನಿಮುದ್ರಣವನ್ನು ಏನನ್ನೂ ಕುಗ್ಗಿಸದ ವೇವ್ ಫೈಲಾಗಿಯೇ ಮಾಡಿ, ಎರಡು ಕಡೆ ಕಾಪಿಡಿ. ಹಂಚುವುದಕ್ಕೆ ಬೇಕಾದ ಎಂಪಿ3ಯನ್ನು ಅದರ ಪ್ರತಿಯಿಂದ ಮಾಡಿಕೊಳ್ಳಿ.